ಆಮೆಗೆ ಬಲ್ಬು ತರೋಕೆ ಮುಂಚೆ ಒಂದು ಥರ್ಮಾಮೀಟರ್ ತನ್ನಿ

ಮೊನ್ನೆ ನಮ್ಮ ಬೀದಿ ಕೊನೇಮನೆಯವ್ರು ಮಗಳ ಬರ್ತ್‌ಡೇಗೆ ಅಂತ ಒಂದು ಆಮೆಮರಿ ತಂದಿದಾರೆ. ಸಂಜೆ ಬಂದು ಗೇಟ್ ಹತ್ರಾನೇ ನಿಂತ್ಕೊಂಡು "ಅಕ್ಕ, ನಿಮ್ಮನೇಲೂ ಇದ್ಯಲ್ಲ, ಎಷ್ಟು ವ್ಯಾಟ್ ಬಲ್ಬ್ ಹಾಕ್ಬೇಕು ಇದಕ್ಕೆ?" ಅಂದ್ರು. ನಲವತ್ತು ಅಂದಿದ್ರೂ ನಡೀತಿತ್ತು, ಅರವತ್ತು ಅಂದಿದ್ರೂ ನಡೀತಿತ್ತು, ಖುಷಿಯಾಗಿ ಹೋಗ್ತಿದ್ರು. ಆದ್ರೆ ಮೂರು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಕೇಳಿ, ಯಾರೋ ಹೇಳಿದ್ದು ನಂಬಿ, ದುಡ್ಡೂ ಕಳ್ಕೊಂಡು ಆ ಮೂಕಪ್ರಾಣಿಗೂ ಹಿಂಸೆ ಕೊಟ್ಟಿದೀನಿ. ಅದಕ್ಕೇ ಒಳಗೆ ಕರೆದು ಕಾಫಿ ಕೊಟ್ಟು ಒಂದು ಗಂಟೆ ತಲೆ ತಿಂದೆ. ಅದನ್ನೇ ಇಲ್ಲೂ ಬರೀತಿದೀನಿ, ಉದ್ದ ಆಗುತ್ತೆ, ಪುರುಸೊತ್ತಿದ್ದೋರು ಓದಿ.

ನಮ್ಮನೆ ಆಮೆ ಹೆಸರು ಗುಂಡ. ಮುಂಗಾಲಿನ ಉಗುರು ನೋಡಿದ್ರೆ ಹೆಣ್ಣು ಅನ್ಸುತ್ತೆ (ಗಂಡಾದ್ರೆ ಮುಂದಿನ ಉಗುರು ಉದ್ದ ಬೆಳೆಯುತ್ತೆ), ಆದ್ರೂ ಮಗ ಇಟ್ಟ ಹೆಸರು ಅಂತ ಗುಂಡ ಗುಂಡಾನೇ. ತಂದಾಗ ಐದು ರೂಪಾಯಿ ಬಿಸ್ಕೆಟ್‌ನಷ್ಟಿದ್ದ. ಕಿವಿ ಹತ್ರ ಕೆಂಪು ಪಟ್ಟಿ ಇರೋ ರೆಡ್ ಇಯರ್ಡ್ ಸ್ಲೈಡರ್, ಪೆಟ್ ಅಂಗಡಿಗಳಲ್ಲಿ ಜಾಸ್ತಿ ಸಿಗೋದು ಇದೇ. ಅಂಗಡಿಯವರು ಒಂದು ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಒಂದು ಪ್ಲಾಸ್ಟಿಕ್ ತೆಂಗಿನಮರ ಕೊಟ್ಟು "ಏನೂ ಬೇಡ ಮೇಡಂ, ನೀರು ಹಾಕಿ ಫುಡ್ ಹಾಕಿ ಸಾಕು, ನಮ್ ಊರು ಬಿಸಿಲೂರು" ಅಂದ್ರು. ನಾನೂ ಹೌದಲ್ವಾ ಅಂದ್ಕೊಂಡೆ.

ಬಿಸಿಲೂರು ನಿಜ, ಏಪ್ರಿಲ್‌ನಲ್ಲಿ. ಚಿಕ್ಕಬಳ್ಳಾಪುರದ ಡಿಸೆಂಬರ್ ಗೊತ್ತಲ್ಲ, ನಂದಿ ಬೆಟ್ಟದ ಕಡೆಯಿಂದ ಗಾಳಿ ಬೀಸೋಕೆ ಶುರುವಾದ್ರೆ ಬೆಳಗ್ಗೆ ಬಕೆಟ್ ನೀರು ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ. ಅದೇ ನೀರಲ್ಲಿ ಗುಂಡ ಇದ್ದ. ನಾಲ್ಕು ದಿನ ಊಟ ಬಿಟ್ಟ, ಐದನೇ ದಿನ ಕಣ್ಣೇ ಬಿಡ್ಲಿಲ್ಲ. ಆಮೆಗೆ ನಮ್ಮ ಥರ ಮೈಯೊಳಗೆ ಒಲೆ ಇಲ್ಲ ಕಣ್ರಿ. ಸುತ್ತ ಬೆಚ್ಚಗಿದ್ರೇನೇ ಅದಕ್ಕೆ ಹಸಿವು, ಅದು ತಿಂದಿದ್ದು ಅರಗೋದೂ ಆವಾಗ್ಲೇ. ನೀರು 20 ಡಿಗ್ರಿ ಕೆಳಗೆ ಹೋದ್ರೆ ಮಂಕಾಗುತ್ತೆ, ಹಾಗೇ ಬಿಟ್ರೆ ಶೀತ ಹಿಡಿದು ಮೂಗಲ್ಲಿ ಗುಳ್ಳೆ ಬರುತ್ತೆ, ಒಂದು ಕಡೆ ವಾಲ್ಕೊಂಡು ಈಜುತ್ತೆ. ಆ ಹಂತಕ್ಕೆ ಹೋದ್ರೆ ಬಲ್ಬ್ ಹಾಕಿ ಕೂರಬೇಡಿ, ಡಾಕ್ಟ್ರಿಗೆ ತೋರಿಸಿ.

ಗಾಬರಿಯಾಗಿ ಆನ್‌ಲೈನ್‌ನಲ್ಲಿ 100 ವ್ಯಾಟಿನ ಬಾಸ್ಕಿಂಗ್ ಬಲ್ಬ್ ತರಿಸಿದೆ, ದೊಡ್ಡದಿದ್ರೆ ಒಳ್ಳೇದು ಅಂತ. ಬಾಸ್ಕಿಂಗ್ ಅಂದ್ರೆ ಮತ್ತೇನಲ್ಲ, ಅದು ನೀರಿಂದ ಮೇಲೆ ಬಂದು ಕಲ್ಲಿನ ಮೇಲೆ ಮೈ ಕಾಯಿಸ್ಕೊಳ್ಳೋದು. ಎರಡು ಇಟ್ಟಿಗೆ ಮೇಲೆ ಒಂದು ಚಪ್ಪಡಿ ಚೂರು ಇಟ್ಟು ಅರ್ಧ ಅಡಿ ಮೇಲೆ ಬಲ್ಬ್ ನೇತಾಕಿದೆ. ಗುಂಡ ಮೇಲೆ ಹತ್ತೋದು, ಹತ್ತು ಸೆಕೆಂಡಿಗೆ ದುಡುಂ ಅಂತ ನೀರಿಗೆ ಬೀಳೋದು. ಸೋಮಾರಿ ಅಂತ ಬೈತಿದ್ದೆ ನಾನು.

ಆಗ ನಮ್ಮಪ್ಪ ಬಂದಿದ್ರು. ಶಿಡ್ಲಘಟ್ಟದ ಹತ್ರ ನಮ್ಮೂರು, ಅಪ್ಪನಿಗೆ ಬುದ್ಧಿ ಬಂದಾಗಿಂದ ರೇಷ್ಮೆ ಹುಳ ಸಾಕೋದೇ ಕೆಲಸ. ಬಂದೋರು ಏನೂ ಮಾತಾಡದೆ ಅಂಗೈ ಮಗುಚಿ ಕೈ ಹಿಂಭಾಗಾನ ಆ ಕಲ್ಲಿನ ಮೇಲೆ ಹಿಡಿದ್ರು, ತಟ್ಟನೆ ಎಳ್ಕೊಂಡ್ರು. "ಏನಮ್ಮ ಇದು, ಆಮೆ ಸಾಕ್ತಿದೀಯೋ ದೋಸೆ ಹುಯ್ತಿದೀಯೋ? ಹುಳದ ಮನೇಲಿ ನಾನು ಕೆಂಡ ಎಷ್ಟು ಹಾಕ್ದೆ ಅಂತ ಲೆಕ್ಕ ಇಡ್ತೀನಾ? ಗೋಡೆ ಮೇಲಿನ ಥರ್ಮಾಮೀಟರ್ ನೋಡ್ತೀನಿ." ಅಷ್ಟೇ ಹೇಳಿದ್ದು. ನನಗೆ ಕಪಾಳಕ್ಕೆ ಹೊಡೆದಂಗಾಯ್ತು, ಯಾಕಂದ್ರೆ ನಾನು ಹುಟ್ಟಿ ಬೆಳೆದಿದ್ದೇ ಆ ಹುಳದ ಮನೇಲಿ. ಚಾಕಿ ಹುಳಕ್ಕೆ, ಅಂದ್ರೆ ಎಳೇ ಹುಳಕ್ಕೆ, 27–28 ಡಿಗ್ರಿ, ಎರಡನೇ ಜ್ವರ (ಪೊರೆ ಬಿಡೋದಕ್ಕೆ ನಾವು ಹಾಗನ್ನೋದು) ಎದ್ದು ದೊಡ್ಡದಾಗ್ತಾ ಆಗ್ತಾ ಇಳಿಸ್ಕೊಂಡು ಬಂದು 24–25, ಅದನ್ನ ನಿದ್ದೇಲಿ ಕೇಳಿದ್ರೂ ಹೇಳ್ತೀನಿ. ಕೋಳಿ ಫಾರಂ ಇರೋರಿಗೂ ಗೊತ್ತಿರುತ್ತೆ, ಮರಿ ಬಂದ ಮೊದಲನೇ ವಾರ ಬಲ್ಬ್ ಎತ್ತರ ಒಂದು, ಆಮೇಲೆ ವಾರ ವಾರ ಮೇಲಕ್ಕೆ ಎತ್ತಬೇಕು. ನಮ್ಮ ಜಿಲ್ಲೇಲಿ ಇಷ್ಟೆಲ್ಲ ಗೊತ್ತಿರೋ ಜನ ಇದೀವಿ, ಆಮೆ ವಿಷಯಕ್ಕೆ ಮಾತ್ರ ವ್ಯಾಟ್ ಕೇಳ್ಕೊಂಡು ಅಂಗಡಿಗೆ ಹೋಗ್ತೀವಿ.

ವೈರ್ ತುದೀಲಿ ಸೆನ್ಸರ್ ಇರೋ ಚಿಕ್ಕ ಡಿಜಿಟಲ್ ಥರ್ಮಾಮೀಟರ್ ತಂದು ಕಲ್ಲಿನ ಮೇಲಿಟ್ಟೆ, 46 ತೋರಿಸ್ತು! ಬೇಕಾಗಿರೋದು 32ರಿಂದ 35. ಬಲ್ಬನ್ನ ಎತ್ತಿದೆ, ಆಮೇಲೆ 50 ವ್ಯಾಟಿಂದಕ್ಕೆ ಬದಲಾಯಿಸಿದೆ, ಈಗ ಒಂದು ಅಡಿ ಮೇಲಿದೆ, ಕಲ್ಲು 33ರಲ್ಲಿ ನಿಲ್ಲುತ್ತೆ. ನಿಮ್ಮ ಮನೇಲಿ ಇದೇ 50 ವ್ಯಾಟ್‌ಗೆ 28 ಬರಬಹುದು, ಫ್ಯಾನ್ ಗಾಳಿ ಇದ್ರೆ ಇನ್ನೂ ಕಮ್ಮಿ. ಅದಕ್ಕೇ ವ್ಯಾಟ್ ಕೇಳಬೇಡಿ ಅನ್ನೋದು. ಅಂದಹಾಗೆ ಬಾಸ್ಕಿಂಗ್ ಬಲ್ಬ್ ಅಂತ ಡಬ್ಬಿ ಮೇಲೆ ಆಮೆ ಚಿತ್ರ ಹಾಕಿರೋದೇ ಬೇಕು ಅಂತಿಲ್ಲ, ಬಿಸಿ ಮಾಡೋಕೆ ಹಳೇ ಕಾಲದ ತಂತಿ ಉರಿಯೋ ಬಲ್ಬು ಇಲ್ಲಾ ಹ್ಯಾಲೋಜನ್ ಸಾಕು. ಎಲ್‌ಇಡಿ ಮಾತ್ರ ಆಗಲ್ಲ, ಬೆಳಕಿರುತ್ತೆ, ಕಾವಿರಲ್ಲ. ಹೋಲ್ಡರ್ ಪಿಂಗಾಣೀದೇ ಇರಲಿ, ಪ್ಲಾಸ್ಟಿಕ್‌ದು ದಿನಾ ಹತ್ತು ಗಂಟೆ ಕಾದು ಕಾದು ಕರಗುತ್ತೆ. ಬಲ್ಬನ್ನ ಅದರ ವೈರಲ್ಲೇ ನೇತಾಕೋ ಕೆಲಸ ನಾನು ಮಾಡಿದ್ದೆ, ನೀವು ಮಾಡಬೇಡಿ, ಕೆಳಗಿರೋದು ನೀರು. ಸರಪಳಿ ಹಾಕಿ, ಮೇನ್‌ನಲ್ಲಿ ಇಎಲ್‌ಸಿಬಿ (ಕರೆಂಟ್ ಲೀಕಾದ್ರೆ ತಾನೇ ಆಫ್ ಆಗೋ ಸ್ವಿಚ್) ಇದ್ಯಾ ನೋಡ್ಕೊಳ್ಳಿ.

ನೀರಿನ ಹೀಟರ್ ಬೇರೆ ವಿಷಯ. ನೀರು 24–26 ಇದ್ರೆ ಸಾಕು, ಮರಿಗೆ ಒಂದೆರಡು ಡಿಗ್ರಿ ಜಾಸ್ತಿ. ಕಲ್ಲಿನಷ್ಟೇ ನೀರೂ ಬಿಸಿ ಮಾಡಿದ್ರೆ ಅದು ಮೇಲೆ ಹತ್ತೋದೇ ಬಿಡುತ್ತೆ, ಯಾಕೆ ಹತ್ತಬೇಕು? ಲೀಟರಿಗೆ ಹೆಚ್ಚುಕಮ್ಮಿ ಒಂದು ವ್ಯಾಟ್ ಅಂತ ಲೆಕ್ಕ, ನಮ್ಮ ತೊಟ್ಟೀಲಿ ಸುಮಾರು 150 ಲೀಟರ್ ನೀರು, 200 ವ್ಯಾಟಿನ ಅಕ್ವೇರಿಯಂ ಹೀಟರ್ ಇದೆ. ಇದು ಎರಡನೇದು. ಮೊದಲನೇದನ್ನ ನಾನೇ ಒಡೆದಿದ್ದು: ಭಾನುವಾರ ನೀರು ಬದಲಾಯಿಸ್ತಾ ಪ್ಲಗ್ ತೆಗೆಯೋದು ಮರೆತು ಅರ್ಧ ನೀರು ಖಾಲಿ ಮಾಡ್ದೆ, ಗಾಜಿನ ಕೊಳವೆ ಗಾಳೀಲಿ ಕೆಂಪಗೆ ಕಾದಿತ್ತು, ಮೇಲೆ ತಣ್ಣೀರು ಹುಯ್ದೆ, ಟಪ್! ಗುಂಡ ಬಕೆಟ್‌ನಲ್ಲಿದ್ದಿದ್ದಕ್ಕೆ ಉಳಿದ, ನಾನು ಹವಾಯಿ ಚಪ್ಪಲಿ ಹಾಕಿದ್ದಕ್ಕೆ ಉಳಿದೆ. ಈಗ ಹೀಟರನ್ನ ತೂತು ಕೊರೆದ ಪಿವಿಸಿ ಪೈಪಿನೊಳಗೆ ಇಟ್ಟಿದೀನಿ, ಇಲ್ಲಾಂದ್ರೆ ಆಮೆ ಗುದ್ದಿ ಗುದ್ದಿ ಒಡೆದಾಕುತ್ತೆ. ಹೀಟರ್ ಮೇಲಿರೋ ನಂಬರ್ ನಂಬಬೇಡಿ, ನಮ್ಮದು 25ಕ್ಕೆ ಇಟ್ರೆ 27 ತೋರಿಸುತ್ತೆ.

ಈಗ ಅಸಲಿ ವಿಷಯ. ಎಲ್ಲಾರೂ ಬಿಸಿ ಬಿಸಿ ಅಂತ ಒದ್ದಾಡ್ತಾರೆ, ಯುವಿಬಿ ಅಂದ್ರೆ ಏನು ಅಂತ ಕೇಳೋರೇ ಇಲ್ಲ. ಬಿಸಿಲಲ್ಲಿ ಕಾವು ಒಂದೇ ಅಲ್ಲ, ಕಣ್ಣಿಗೆ ಕಾಣದ ನೇರಳಾತೀತ ಕಿರಣಾನೂ ಇರುತ್ತಲ್ಲ, ಅದರಲ್ಲಿ 280ರಿಂದ 315 ನ್ಯಾನೋಮೀಟರ್ ನಡುವಿನ ಭಾಗ ಯುವಿಬಿ. ಅದು ಚರ್ಮದ ಮೇಲೆ ಬಿದ್ರೇನೇ ಆಮೆ ಮೈಯಲ್ಲಿ ವಿಟಮಿನ್ ಡಿ3 ಆಗೋದು, ಡಿ3 ಇದ್ರೇನೇ ತಿಂದ ಕ್ಯಾಲ್ಸಿಯಂ ಮೈಗೆ ಹತ್ತೋದು. ಇಲ್ಲಾಂದ್ರೆ ಚಿಪ್ಪು ಮೆತ್ತಗಾಗುತ್ತೆ. ಗುಂಡನ ಚಿಪ್ಪಿನ ಹಿಂದಿನ ಅಂಚು ಒಂದಿನ ಬೆರಳಲ್ಲಿ ಒತ್ತಿದ್ರೆ ನೆನೆದ ರಟ್ಟಿನ ಥರ ಬಗ್ತು. ಆ ಬೆರಳಿನ ಅನುಭವ ಇನ್ನೂ ಮರೆತಿಲ್ಲ.

ತಮಾಷೆ ಅಂದ್ರೆ ಅಷ್ಟೊತ್ತಿಗೆ ನಮ್ಮನೇಲಿ "ಯುವಿ ಬಲ್ಬ್" ಇತ್ತು! ಆನ್‌ಲೈನ್‌ನಲ್ಲಿ ಮುನ್ನೂರು ಚಿಲ್ಲರೆಗೆ ಬಂದಿದ್ದು, ನೇರಳೆ ಬಣ್ಣಕ್ಕೆ ಹೊಳೀತಿತ್ತು, ನಾವೂ ಓಹೋ ಅಂತ ನೋಡ್ತಿದ್ವಿ. ಅದು ಬರೀ ಬಣ್ಣದ ಎಲ್‌ಇಡಿ. ಬಣ್ಣಕ್ಕೂ ಯುವಿಬಿಗೂ ಸಂಬಂಧಾನೇ ಇಲ್ಲ. ಬೇಕರೀಲಿ ನೊಣ ಹಿಡಿಯೋಕೆ ನೀಲಿ ಟ್ಯೂಬ್ ಹಾಕಿರ್ತಾರಲ್ಲ, ಅದು ಯುವಿಎ, ಅದರಿಂದ ಡಿ3 ಆಗಲ್ಲ. ಇನ್ನು ಮೀನಿನ ತೊಟ್ಟಿ ಪಾಚಿ ಸಾಯಿಸೋ ಯುವಿ ಲ್ಯಾಂಪ್ ಇದೆ, ಅದು ಯುವಿಸಿ, ಅದನ್ನ ಬಿಚ್ಚಿ ಆಮೆ ಮೇಲೆ ಹಾಕಿದ್ರೆ ಅದರ ಕಣ್ಣೂ ಹೋಗುತ್ತೆ ನಿಮ್ಮ ಕಣ್ಣೂ ಹೋಗುತ್ತೆ. ಯುವಿಬಿ 5.0 ಅಥವಾ 10.0 ಅಂತ ಬರೆದಿರೋ ಸರೀಸೃಪದ ಟ್ಯೂಬೇ ಬೇಕು, ಉದ್ದ ಟ್ಯೂಬ್ ಆದ್ರೆ ಸುರುಳಿ ಬಲ್ಬಿಗಿಂತ ಬೆಳಕು ಚೆನ್ನಾಗಿ ಹರಡುತ್ತೆ, ಕಲ್ಲಿಂದ ಒಂದಡಿ ಒಳಗಿರಬೇಕು, ನಡುವೆ ಗಾಜು ಪ್ಲಾಸ್ಟಿಕ್ ಏನೂ ಇರಬಾರದು. ಹಳೇ ದಪ್ಪ ಟಿ8 ಆರು ತಿಂಗಳಿಗೆ, ಸಣ್ಣ ಟಿ5 ವರ್ಷಕ್ಕೆ ಬದಲಾಯಿಸಬೇಕು, ಉರೀತಾನೇ ಇರುತ್ತೆ ಆದ್ರೆ ಒಳಗೆ ಸತ್ವ ಮುಗಿದಿರುತ್ತೆ. ದುಬಾರಿ, ಒಪ್ತೀನಿ.

ಆದ್ರೆ ನಮಗೆ ಟೆರೇಸ್ ಇದೆಯಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ ನಮ್ಮ ಕಡೆ ಯುವಿಬಿ ಟ್ಯೂಬ್ ಮಳೆಗಾಲಕ್ಕೆ, ಮೋಡದ ದಿನಕ್ಕೆ, ಫ್ಲ್ಯಾಟ್‌ನಲ್ಲಿರೋರಿಗೆ. ಮಿಕ್ಕಿದ್ದಕ್ಕೆ ಸೂರ್ಯನೇ ಇದಾನೆ. ಕಿಟಕಿ ಹತ್ರ ತೊಟ್ಟಿ ಇಟ್ಟಿದೀನಿ ಅಂತ ಸಮಾಧಾನ ಪಟ್ಕೋಬೇಡಿ, ಕಿಟಕಿ ಗಾಜು ಯುವಿಬಿ ತಡೆಯುತ್ತೆ, ಕಾವು ಮಾತ್ರ ಒಳಗೆ ಬಿಡುತ್ತೆ, ಮೇ ತಿಂಗಳಲ್ಲಿ ನೀರು ಸಾರಿನ ಥರ ಆಗುತ್ತೆ. ಎಳೆಬಿಸಿಲು ಒಳ್ಳೇದು ಅಂತ ನಮ್ಮತ್ತೆ ಆರೂವರೆಗೇ ಹೊರಗಿಡು ಅಂತಿದ್ರು, ಸೂರ್ಯ ಅಷ್ಟು ಕೆಳಗಿದ್ದಾಗ ಯುವಿಬಿ ಇಲ್ಲ ಅನ್ನೋಷ್ಟು ಕಮ್ಮಿ. ನಾನು ಒಂಬತ್ತೂವರೆ ಮೇಲೆ ಅಗಲದ ಟಬ್‌ನಲ್ಲಿ ಅರ್ಧ ಗಂಟೆ ಬಿಡ್ತೀನಿ, ಅರ್ಧ ಟಬ್ಬಿಗೆ ಗೋಣಿಚೀಲದ ನೆರಳು, ಮೇಲೆ ಜಾಲರಿ (ಕಾಗೆ, ಬೆಕ್ಕು), ಪಕ್ಕದಲ್ಲಿ ನಾನು ಹುಣಸೆಹಣ್ಣು ಬಿಡಿಸ್ತಾ ಕೂತಿರ್ತೀನಿ. ಬಿಟ್ಟು ಒಳಗೆ ಹೋಗಬೇಡಿ, ಕಮ್ಮಿ ನೀರು ಬೇಗ ಕಾಯುತ್ತೆ, ಬೆಂದೇ ಹೋಗುತ್ತೆ. ಡಾಕ್ಟ್ರು ಹೇಳಿದ ಕ್ಯಾಲ್ಸಿಯಂ ಜೊತೆ ಹೀಗೆ ಮಾಡಿ ನಾಲ್ಕು ತಿಂಗಳಿಗೆ ಗುಂಡನ ಚಿಪ್ಪು ಗಟ್ಟಿಯಾಯ್ತು.

ಕರೆಂಟ್ ಬಿಲ್ ಬಗ್ಗೆ ಯಜಮಾನ್ರು ಗೊಣಗ್ತಾನೇ ಇರ್ತಾರೆ. ಗೃಹಜ್ಯೋತಿ 200 ಯೂನಿಟ್ ಒಳಗೆ ಅಂದ್ರೂ ಹಳೇ ಸರಾಸರಿ ಮೇಲೆ ಸ್ವಲ್ಪ ಸೇರಿಸಿ ಅಷ್ಟಕ್ಕೇ ಫ್ರೀ, ಆ ಸರಾಸರಿ ತೆಗೆದಾಗ ಗುಂಡ ಹುಟ್ಟೇ ಇರಲಿಲ್ಲ. 50 ವ್ಯಾಟಿನ ಬಲ್ಬ್ ಹತ್ತು ಗಂಟೆಗೆ ಅರ್ಧ ಯೂನಿಟ್, ಅದೇನಲ್ಲ. ತಿನ್ನೋದು ಹೀಟರ್, ಚಳಿಗಾಲದಲ್ಲಿ ಅರ್ಧ ದಿನ ಉರಿದ್ರೂ 2.4 ಯೂನಿಟ್. ತೊಟ್ಟಿ ಮೂರು ಕಡೆ ಥರ್ಮಾಕೋಲ್ ಅಂಟಿಸಿದ ಮೇಲೆ ಅದು ಆನ್ ಆಗೋದೇ ಕಮ್ಮಿಯಾಯ್ತು. ರಾತ್ರಿ ದೀಪ ಎಲ್ಲಾ ಆರಿಸಿ, ಕೆಂಪು ಬಲ್ಬೂ ಬೇಡ, ಆಮೆಗೂ ಕತ್ತಲೆ ಬೇಕು.

ಇನ್ನೊಂದು ಮಾತು, ಇದು ಬಲ್ಬಿನ ವಿಷಯ ಅಲ್ಲ ಆದ್ರೂ ಹೇಳ್ಬಿಡ್ತೀನಿ. ಹೊಲದಲ್ಲಿ ಸಿಕ್ತು ಅಂತ ನಕ್ಷತ್ರ ಆಮೆ, ಕೆರೇಲಿ ಸಿಕ್ತು ಅಂತ ನಮ್ಮ ಕೆರೆ ಆಮೆ ತಂದು ಸಾಕಬೇಡಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಜೈಲು ಇದೆ. ಸ್ಲೈಡರ್ ದೊಡ್ಡದಾಯ್ತು, ಖರ್ಚು ಜಾಸ್ತಿ ಅಂತ ಕಂದವಾರ ಕೆರೆಗೆ ಬಿಡೋದೂ ಬೇಡ. ಅದು ಅಮೆರಿಕದ ಮಿಸಿಸಿಪ್ಪಿ ಕಡೇದು, ಹೊರಗೆ ಬಿಟ್ರೆ ಸ್ಥಳೀಯ ಆಮೆಗಳ ಊಟ, ಜಾಗ ಎರಡೂ ಕಿತ್ಕೊಳ್ಳುತ್ತೆ. ಮೂವತ್ತು ವರ್ಷ ಬದುಕೋ ಪ್ರಾಣಿ, ತರೋ ಮುಂಚೆ ಯೋಚನೆ ಮಾಡಿ, ತಂದ ಮೇಲೆ ಅಲ್ಲ.

ಕೊನೇಮನೆಯವ್ರು ನಿನ್ನೆ ಬೆಳಗ್ಗೆ ವಾಟ್ಸಾಪ್‌ನಲ್ಲಿ ಫೋಟೋ ಕಳ್ಸಿದ್ರು, ಕಲ್ಲಿನ ಮೇಲೆ ಥರ್ಮಾಮೀಟರ್, 29.1. "ಅಕ್ಕ, ದೊಡ್ಡ ಬಲ್ಬ್ ತರಲಾ?" ಬೇಡ, ಎರಡಿಂಚು ಇಳಿಸಿ ನೋಡಿ ಅಂದೆ. ಸಂಜೆ ಇನ್ನೊಂದು ಫೋಟೋ ಬಂತು, 32.6, ಆಮೆಮರಿ ಹಿಂದಿನ ಕಾಲು ಎರಡೂ ಚಾಚ್ಕೊಂಡು, ಬೆರಳು ಅಗಲಿಸ್ಕೊಂಡು ಮಲಗಿತ್ತು. ಹೆಸರೇನು ಇಟ್ರಿ ಅಂತ ಕೇಳಿದೆ. ಮಗಳು ಇನ್ನೂ ಯೋಚನೆ ಮಾಡ್ತಿದಾಳಂತೆ.