ಮೂರು ರೂಮಿಗೆ ಸಾವಿರ ನೆಂಟರು

ಜುಲೈ ತಿಂಗಳ ಒಂದು ಸಂಜೆ. ಪಕ್ಕದ ತೋಟದ ಮಾವ ಕೊಡೆ ಮಡಚಿ, ಗಮ್‌ಬೂಟು ಹೊರಗೆ ಬಿಟ್ಟು, ಜಿಗಣೆ ಹತ್ತಿದೆಯಾ ಅಂತ ಕಾಲು ನೋಡಿಕೊಂಡು ಒಳಗೆ ಬಂದರು. ಮಡಿಕೇರಿ ಕಡೆಯ ಮಳೆ ಗೊತ್ತಲ್ಲ, ಆ ಮಳೆಯಲ್ಲಿ ಸುಮ್ನೆ ಯಾರೂ ಮನೆಗೆ ಬರುವುದಿಲ್ಲ.

"ನೀನು ಕಂಪ್ಯೂಟರಿನವನಲ್ವಾ? ನಮ್ಮ ಹೋಂಸ್ಟೇಗೆ ಒಂದು ವೆಬ್‌ಸೈಟ್ ಮಾಡಿಕೊಡು ಮಾರಾಯ. ಒಂದೇ ಪೇಜು ಸಾಕು. ಮೂರು ರೂಮಿನ ಫೋಟೋ, ನನ್ನ ಫೋನ್ ನಂಬರು, ಮನೆಯಲ್ಲಿ ನಾಯಿ ಉಂಟು ಅಂತ ಒಂದು ಸಾಲು."

"ನಾಳೆ ಆಗ್ತದೆ ಮಾವ" ಅಂದೆ. ಹನ್ನೆರಡು ವರ್ಷ ಇದೇ ಕೆಲಸ ಮಾಡಿದವನು ಆಡುವ ಮಾತಲ್ಲ ಅದು. ಆದರೆ ಅಮ್ಮ ಕಾಫಿ ತಂದಿಟ್ಟಿದ್ದರು, ಹೊರಗೆ ಮಳೆ ಹೊಡೆಯುತ್ತಿತ್ತು, ಒಂದು ಕ್ಷಣ ಮೈಮರೆತೆ.

"ಯಾವ ಭಾಷೆಯಲ್ಲಿ ಬರೀತೀಯ?"

"ಜಾವಾಸ್ಕ್ರಿಪ್ಟ್."

ಮಾವನ ಕಿವಿ ನೆಟ್ಟಗಾಯಿತು. ಅವರದ್ದು ಎಂಟು ಎಕರೆ ರೊಬಸ್ಟಾ, ಮೇಲಿನ ಬರೆಯಲ್ಲಿ ಒಂದಿಷ್ಟು ಅರೇಬಿಕಾ. "ಜಾವಾ ಅಂದ್ರೆ ಕಾಫಿ ಅಲ್ವಾ?"

ಹೌದು. ಜಾವಾ ಅನ್ನುವ ಕಂಪ್ಯೂಟರ್ ಭಾಷೆಗೆ ಕಾಫಿಯಿಂದಲೇ ಆ ಹೆಸರು. ಆದರೆ ಜಾವಾಸ್ಕ್ರಿಪ್ಟಿಗೂ ಜಾವಾಕ್ಕೂ ನೆಂಟಸ್ತನ ಇಲ್ಲ. 1995ರಲ್ಲಿ ಜಾವಾಕ್ಕೆ ಒಳ್ಳೆಯ ಬೇಡಿಕೆ ಇತ್ತು, ಹಾಗಾಗಿ ಬ್ರೌಸರ್ ಕಂಪನಿ ನೆಟ್‌ಸ್ಕೇಪಿನವರು ತಮ್ಮ ಹೊಸ ಭಾಷೆಗೂ ಆ ಹೆಸರು ಅಂಟಿಸಿದರು. ರೊಬಸ್ಟಾ ಮೂಟೆಯ ಮೇಲೆ ಅರೇಬಿಕಾ ಅಂತ ಬರೆದ ಹಾಗೆ. ಅದಕ್ಕೂ ಮೊದಲು ಅದರ ಹೆಸರು ಏನಿತ್ತು ಗೊತ್ತಾ? ಮೋಕಾ.

"ಮೋಕಾ!" ಮಾವ ಲೋಟ ಕೆಳಗಿಟ್ಟರು. "ಅದು ಯೆಮನ್ ದೇಶದ ಬಂದರು. ಬಾಬಾ ಬುಡನ್ ಏಳು ಬೀಜ ತಂದದ್ದು ಅಲ್ಲಿಂದಲೇ ಅಂತಾರೆ."

ನಾನು ಇನ್ನಷ್ಟು ಹೇಳಿದೆ. ಮೋಕಾ ಅನ್ನುವ ಹೆಸರಿನಲ್ಲಿ ಕೋಡ್ ಪರೀಕ್ಷೆ ಮಾಡುವ ಸಲಕರಣೆಯೂ ಇದೆ. 2009ರಲ್ಲಿ ಕಾಫಿಸ್ಕ್ರಿಪ್ಟ್ ಅಂತ ಒಂದು ಭಾಷೆ ಬಂತು, ಸ್ವಲ್ಪ ವರ್ಷ ಎಲ್ಲರೂ ಹೊಗಳಿದರು, ಈಗ ಯಾರೂ ಕುಡಿಯುವುದಿಲ್ಲ. 2022ರಲ್ಲಿ ಬನ್ ಅಂತ ಜಾವಾಸ್ಕ್ರಿಪ್ಟ್ ಓಡಿಸುವ ಇನ್ನೊಂದು ಸಲಕರಣೆ ಬಂತು. ಕಾಫಿಗೆ ಬನ್. ಇದು ಸಾಫ್ಟ್‌ವೇರೋ ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹೋಟೆಲೋ ಅಂತ ಮಾವನಿಗೆ ಅನುಮಾನ ಶುರುವಾಯಿತು.

"ಆ ಭಾಷೆ ಮಾಡೋಕೆ ಎಷ್ಟು ವರ್ಷ ಹಿಡಿಯಿತು?"

"ಬ್ರೆಂಡನ್ ಐಕ್ ಅಂತ ಒಬ್ಬರು. ಮೊದಲ ರೂಪ ಹತ್ತು ದಿನದಲ್ಲಿ ಮಾಡಿದರಂತೆ."

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕಣದಲ್ಲಿ ಹಣ್ಣು ಒಣಗೋದಕ್ಕೂ ಅದಕ್ಕಿಂತ ಜಾಸ್ತಿ ದಿನ ಬೇಕಲ್ಲ. ಹಸಿ ಇರುವಾಗಲೇ ಮೂಟೆ ಕಟ್ಟಿದ್ದಾರೆ ಹಾಗಾದ್ರೆ. ಬೂಷ್ಟು ಬರ್ತದೆ, ನೋಡ್ತಾ ಇರು."

ಮೂವತ್ತು ವರ್ಷದಿಂದ ನಾವೆಲ್ಲ ಒರೆಸುತ್ತಿರುವುದು ಆ ಬೂಷ್ಟನ್ನೇ. ಈ ಭಾಷೆಯಲ್ಲಿ "2" ಅನ್ನುವ ಅಕ್ಷರಕ್ಕೆ 1 ಕೂಡಿಸಿದರೆ 21 ಬರುತ್ತದೆ, ಅದರಿಂದಲೇ 1 ಕಳೆದರೆ 1 ಬರುತ್ತದೆ. ಕೂಡಿಸುವಾಗ ಕವಿ, ಕಳೆಯುವಾಗ ಶ್ಯಾನುಭೋಗ.

ರಾತ್ರಿ ಕೆಲಸಕ್ಕೆ ಕುಳಿತೆ. ಹಳೇ ಅಭ್ಯಾಸದಂತೆ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಅನ್ನುವ, ಸೈಟಿಗೆ ತಳಪಾಯ ಹಾಕಿಕೊಡುವ ಸಲಕರಣೆಗೆ ಕೈ ಹಾಕಿದೆ. 2016ರಲ್ಲಿ ಬಂದದ್ದು, ಎಲ್ಲ ಪಾಠಗಳೂ ಅದರಿಂದಲೇ ಶುರುವಾಗುತ್ತಿದ್ದವು. 2025ರ ಫೆಬ್ರವರಿಯಲ್ಲಿ ಅದನ್ನು ಮಾಡಿದವರೇ ಇನ್ನು ಹೊಸದಕ್ಕೆ ಬಳಸಬೇಡಿ ಅಂದುಬಿಟ್ಟಿದ್ದಾರೆ. ಸರಿ, ಈಗಿನವರು ಬಳಸುವ ವೀಟ್ ತೆಗೆದುಕೊಂಡೆ. ಹಾಗಂದರೆ ಫ್ರೆಂಚಿನಲ್ಲಿ 'ಬೇಗ' ಅಂತ ಅರ್ಥ. ಅದಕ್ಕೂ ಮೊದಲು ವೆಬ್‌ಪ್ಯಾಕ್, ಅದಕ್ಕೂ ಮೊದಲು ಗಲ್ಪ್, ಗ್ರಂಟ್. ಎಲ್ಲವನ್ನೂ ಒಂದೊಂದು ಕಾಲದಲ್ಲಿ ಕಲಿತಿದ್ದೇನೆ, ಎಲ್ಲವನ್ನೂ ರೆಸ್ಯೂಮೆಯಲ್ಲಿ ಬರೆದಿದ್ದೇನೆ, ಎಲ್ಲವನ್ನೂ ಮರೆತಿದ್ದೇನೆ.

ಇವೆಲ್ಲ ನಿಂತಿರುವುದು ಬ್ರೌಸರಿನ ಹೊರಗೂ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಅನ್ನುವುದರ ಮೇಲೆ. 2009ರಲ್ಲಿ ರಯಾನ್ ಡಾಲ್ ಅದನ್ನು ಮಾಡಿದರು. 2018ರಲ್ಲಿ ಅವರೇ ವೇದಿಕೆ ಹತ್ತಿ, ನಾನು ಹೀಗೆಲ್ಲ ಮಾಡಬಾರದಿತ್ತು ಅಂತ ಹತ್ತು ತಪ್ಪು ಒಪ್ಪಿಕೊಂಡು, ಡೆನೋ ಅಂತ ಹೊಸದೊಂದನ್ನು ತೋರಿಸಿದರು. 'ನೋ' ಮತ್ತು 'ಡೆ' ಜಾಗ ಬದಲಿಸಿಕೊಂಡಿವೆ, ಅಷ್ಟೇ. ನೋಡ್ ನೋಡ್ ಅಂತ ಒಂಬತ್ತು ವರ್ಷ ಎಲ್ಲರಿಗೂ ತೋರಿಸಿ, ಆಮೇಲೆ ಈ ಕಡೆ ನೋಡಿ ಅಂದರೆ ನಾವು ಎಲ್ಲಿ ನೋಡುವುದು?

ಇನ್‌ಸ್ಟಾಲ್ ಅಂತ ಟೈಪ್ ಮಾಡಿ ಎಂಟರ್ ಒತ್ತಿದೆ. ಅದೇ ಹೊತ್ತಿಗೆ ಎಲ್ಲೋ ಒಂದು ಸಿಲ್ವರ್ ಓಕ್ ಲೈನ್ ಮೇಲೆ ಬಿತ್ತು. ಕರೆಂಟು ಹೋಯಿತು. ಇನ್ವರ್ಟರಿನಲ್ಲಿ ಲ್ಯಾಪ್‌ಟಾಪ್ ಉಳಿಯಿತು, ವೈಫೈ ಉಳಿಯಲಿಲ್ಲ. ಮೊಬೈಲಿಗೆ ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಒಂದೇ ಕಡೆ, ಗೊಬ್ಬರದ ಶೆಡ್ಡಿನ ಅಟ್ಟದಲ್ಲಿ, ಅದೂ ಉತ್ತರದ ಕಿಟಕಿ ಪಕ್ಕ. ಕೊರೊನಾ ಕಾಲದಲ್ಲಿ ಈ ಜಿಲ್ಲೆಯ ಮೇಷ್ಟ್ರೊಬ್ಬರು ಮರದ ಮೇಲೆ ಅಟ್ಟ ಕಟ್ಟಿಕೊಂಡು ಆನ್‌ಲೈನ್ ಪಾಠ ಮಾಡಿದ್ದರು. ಅವರಿಗೆ ಹೋಲಿಸಿದರೆ ನನ್ನದು ಅರಮನೆ. ಯೂರಿಯಾ ಚೀಲದ ಮೇಲೆ ಕುಳಿತು ಕಾದೆ. ನಲವತ್ತು ನಿಮಿಷ.

ಒಂದು ಪೇಜು, ಮೂರು ಫೋಟೋ, ಒಂದು ನಾಯಿ. ಅದಕ್ಕೆ ಇಳಿದು ಬಂದದ್ದು ಸಾವಿರದ ಮೇಲೆ ಪ್ಯಾಕೇಜು, ಅಂದರೆ ಬೇರೆಯವರು ಬರೆದಿಟ್ಟ ಕೋಡಿನ ಗಂಟುಗಳು. ನ್ಯಾಯವಾಗಿ ಹೇಳುತ್ತೇನೆ, ವೀಟ್ ಒಂದೇ ಆಗಿದ್ದರೆ ಇಷ್ಟಾಗುತ್ತಿರಲಿಲ್ಲ. ರೂಮು ಬುಕ್ ಮಾಡಲು ಕ್ಯಾಲೆಂಡರ್ ಇರಲಿ, ಫೋಟೋ ಜಾರುವ ಹಾಗಿರಲಿ, ಕೋಡು ಚೊಕ್ಕವಾಗಿದೆಯಾ ನೋಡುವವನೂ ಒಬ್ಬ ಇರಲಿ ಅಂತ ನಾನೇ ಕರೆದೆ. ಕರೆದದ್ದು ಇಪ್ಪತ್ತು ಜನರನ್ನು. ಬಂದದ್ದು ಊರಿಗೆ ಊರೇ.

ಇವರೆಲ್ಲ ಬಂದು ಇಳಿದುಕೊಳ್ಳುವ ನೋಡ್ ಮಾಡ್ಯೂಲ್ಸ್ ಅನ್ನುವ ಫೋಲ್ಡರ್ ಅಂದರೆ ಕುಲದವರ ಹಳೇ ಮೂಲಮನೆ, ಕೊಡಗಿನ ಐನ್‌ಮನೆ. ಸುಗ್ಗಿ ಹಬ್ಬ ಪುತ್ತರಿಗೆ ಒಕ್ಕದವರೆಲ್ಲ, ಅಂದರೆ ಕುಲದವರೆಲ್ಲ ಸೇರುತ್ತಾರಲ್ಲ, ಹಾಗೆ. ಯಾರು ಯಾರ ಕಡೆಯವರು ಅಂತ ಕೇಳಿದರೆ ಹಿರಿಯರಿಗೂ ಗೊತ್ತಿರುವುದಿಲ್ಲ. ಒಂದೇ ಹೆಸರಿನವರು ನಾಲ್ಕು ಜನ, ನಾಲ್ಕು ಬೇರೆ ಬೇರೆ ವಯಸ್ಸಿನವರು, ಒಬ್ಬರಿಗೊಬ್ಬರು ಮಾತಿಲ್ಲ. ಒಂದೇ ವ್ಯತ್ಯಾಸ. ಐನ್‌ಮನೆಗೆ ಬಂದವರು ಊಟ ಮಾಡಿ, ಕದಿರು ತೆಗೆದುಕೊಂಡು ಹೊರಡುತ್ತಾರೆ. ಇವರು ಹೊರಡುವುದಿಲ್ಲ.

ಅವರ ಪೈಕಿ ಕೆಲವರ ಕೆಲಸ ಏನು ಅಂತ ಕೇಳಿದರೆ ನಗು ಬರುತ್ತದೆ. ಇಸ್-ಈವನ್ ಅಂತ ಒಬ್ಬ ಇದ್ದಾನೆ. ಒಂದು ಸಂಖ್ಯೆ ಸಮವೋ ಅಲ್ಲವೋ ಹೇಳುವುದೇ ಅವನ ಉದ್ಯೋಗ. ಆದರೆ ಅದು ಅವನಿಗೆ ಗೊತ್ತಿಲ್ಲ. ಅವನು ಇಸ್-ಆಡ್ ಮನೆಗೆ ಹೋಗಿ "ಇದು ಬೆಸವಾ?" ಅಂತ ಕೇಳುತ್ತಾನೆ, ಅವನು ಹೇಳಿದ್ದಕ್ಕೆ ಉಲ್ಟಾ ಬಂದು ನಮಗೆ ಹೇಳುತ್ತಾನೆ. ಆ ಇಸ್-ಆಡ್ ಬಾಯಿ ಬಿಡುವ ಮೊದಲು ಇಸ್-ನಂಬರ್ ಮನೆಗೆ ಹೋಗಿ "ಇದು ಸಂಖ್ಯೆ ಹೌದಾ?" ಅಂತ ಖಾತ್ರಿ ಮಾಡಿಕೊಳ್ಳುತ್ತಾನೆ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದಿಸಲು ಹೋದವರಿಗೆ ಈ ವ್ಯವಸ್ಥೆ ಹೊಸದಲ್ಲ.

ಇನ್ನು ಲೆಫ್ಟ್-ಪ್ಯಾಡ್ ಕತೆ. ಹನ್ನೊಂದು ಸಾಲಿನ ಪ್ಯಾಕೇಜು. ಬರಹದ ಎಡಗಡೆ ಜಾಗ ತುಂಬುವುದು ಬಿಟ್ಟು ಬೇರೆ ಏನೂ ಮಾಡುತ್ತಿರಲಿಲ್ಲ. 2016ರ ಮಾರ್ಚಿನಲ್ಲಿ ಇನ್ನೊಂದು ಪ್ಯಾಕೇಜಿನ ಹೆಸರಿನ ವಿಷಯದಲ್ಲಿ ಜಗಳವಾಗಿ, ಬರೆದವನು ಮುನಿಸಿಕೊಂಡು ತನ್ನದೆಲ್ಲವನ್ನೂ ಪ್ಯಾಕೇಜುಗಳನ್ನು ಕೂಡಿಡುವ ಎನ್‌ಪಿಎಂ ಉಗ್ರಾಣದಿಂದ ಎತ್ತಿಕೊಂಡು ಹೋದ. ಜಗತ್ತಿನ ದೊಡ್ಡ ದೊಡ್ಡ ಪ್ರಾಜೆಕ್ಟುಗಳು ಅಲ್ಲಲ್ಲೇ ಕುಕ್ಕರುಬಡಿದವು. ಪುತ್ತರಿ ಊಟಕ್ಕೆ ಕರೆಯಲಿಲ್ಲ ಅಂತ ದೂರದ ನೆಂಟ ತಾನು ತಂದ ಒಂದು ಮೊಳೆ ಕಿತ್ತುಕೊಂಡು ಹೋದರೆ ಚಾವಣಿ ಬಿದ್ದ ಹಾಗೆ. ಕೊನೆಗೆ ಉಗ್ರಾಣದವರೇ ಆ ಹನ್ನೊಂದು ಸಾಲನ್ನು ವಾಪಸ್ ಇಟ್ಟರು.

ಬುದ್ಧಿ ಬಂತಾ? 2025ರ ಸೆಪ್ಟೆಂಬರಿನಲ್ಲಿ ಚಾಕ್ ಅನ್ನುವ ಪ್ಯಾಕೇಜಿನ ಸರದಿ. ಕಪ್ಪು ಪರದೆಯ ಮೇಲೆ ಅಕ್ಷರಗಳಿಗೆ ಬಣ್ಣ ಹಚ್ಚುವುದು ಅದರ ಕೆಲಸ. ಅದನ್ನು ನೋಡಿಕೊಳ್ಳುವವರಿಗೆ ಯಾರೋ ಸುಳ್ಳು ಇಮೇಲ್ ಕಳಿಸಿ, ಪಾಸ್‌ವರ್ಡ್ ಎಗರಿಸಿ, ಕ್ರಿಪ್ಟೋ ದುಡ್ಡು ಕದಿಯುವ ಕೋಡನ್ನು ಒಳಗೆ ತುರುಕಿದರು. ಬಣ್ಣ ಬಳಿಯಲು ಬಂದವನ ಜೊತೆ ಕಳ್ಳ ಬಂದ. ನಮ್ಮ ಮಾವ ಕಾಫಿ ಕುಯ್ಯಲು ಬರುವ ಹೊಸಬರ ಆಧಾರ್ ನೋಡದೆ ಲೈನ್‌ಮನೆ ಬೀಗ ಕೊಡುವುದಿಲ್ಲ. ನಾನು ಸಾವಿರ ಜನರನ್ನು ಒಂದು ಎಂಟರ್ ಒತ್ತಿ ಮಲಗುವ ಕೋಣೆಗೆ ಬಿಟ್ಟುಕೊಂಡಿದ್ದೆ.

ಇನ್‌ಸ್ಟಾಲ್ ಮುಗಿದ ಮೇಲೆ ಎರಡು ಸಾಲು ಬರುತ್ತವೆ. ಒಂದು, ಇಷ್ಟು ದೋಷಗಳಿವೆ, ಇಂತಿಷ್ಟು ಗಂಭೀರ ಅಂತ. ಸರಿಪಡಿಸಲು ಏನು ಮಾಡಬೇಕು? ಬಲವಂತದ ಮದ್ದು ಒಂದಿದೆ, ಆದರೆ ಅದು ಹಾಕಿದರೆ ಪ್ರಾಜೆಕ್ಟು ಮುರಿಯಬಹುದು ಅಂತ ಅದೇ ಎಚ್ಚರಿಸುತ್ತದೆ. ನೆಗಡಿಗೆ ಮೂಗು ಕುಯ್ಯುವ ವೈದ್ಯ, ಕುಯ್ಯುವ ಮೊದಲು ಸಹಿ ಹಾಕಿಸಿಕೊಂಡ ಹಾಗೆ.

ಎರಡನೆಯದು ಇನ್ನೂ ಚಂದ. "ನೂರ ನಲವತ್ತು ಪ್ಯಾಕೇಜುಗಳು ಸಹಾಯಧನಕ್ಕಾಗಿ ಕಾಯುತ್ತಿವೆ." ಚಂದಾ! ಮಡಿಕೇರಿ ದಸರಾಕ್ಕೆ ಮಂಟಪ ಇರುವುದು ಹತ್ತು. ಹತ್ತೂ ಕಡೆಯವರು ರಸೀದಿ ಪುಸ್ತಕ ಹಿಡಿದು ಬಂದರೂ ಹೇಗೋ ಸುಧಾರಿಸಬಹುದು. ನೂರ ನಲವತ್ತು ರಸೀದಿ ಪುಸ್ತಕಕ್ಕೆ ನಾನೆಲ್ಲಿ ಹೋಗಲಿ? ತಮಾಷೆ ಇರಲಿ, ಆ ಚಂದಾ ಕೇಳುವವರು ಪಾಪದವರು. ತಮ್ಮ ರಾತ್ರಿ ನಿದ್ದೆ ಬಿಟ್ಟು, ಸಂಬಳ ಇಲ್ಲದೆ, ದೊಡ್ಡ ದೊಡ್ಡ ಕಂಪನಿಗಳ ಅಡಿಪಾಯಕ್ಕೆ ಕಲ್ಲು ಹೊರುವವರು. ಕೇಳಬೇಕಾದದ್ದು ಆ ಕಂಪನಿಗಳ ಗೇಟಿನಲ್ಲಿ. ಅಲ್ಲಿ ವಾಚ್‌ಮ್ಯಾನ್ ಬಿಡುವುದಿಲ್ಲ, ಹಾಗಾಗಿ ಗೊಬ್ಬರದ ಶೆಡ್ಡಿಗೆ ಬರುತ್ತಾರೆ.

ಅಂತೂ 'ನಾಳೆ' ಅಂದದ್ದು ಸೆಪ್ಟೆಂಬರಿನಲ್ಲಿ ಮುಗಿಯಿತು. ಆ ಹೊತ್ತಿಗೆ ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದೂ ಕಳೆದಿತ್ತು. ಮಾವ ಭಾಗಮಂಡಲದ ನೆಂಟರ ಮನೆಯಲ್ಲಿ ನಿಂತು ತಮ್ಮ ಸೈಟು ತೋರಿಸಲು ಹೋದರು. ಸಿಗ್ನಲ್ ಒಂದು ಕಡ್ಡಿ. ಬಿಳಿ ಪರದೆ, ನಡುವೆ ಒಂದು ಉಂಗುರ ತಿರುಗುತ್ತಾ ಇತ್ತು. "ಏನು ಮಾವ, ಗಾಣದ ವ್ಯಾಪಾರ ಶುರು ಮಾಡಿದಿರಾ?" ಅಂತ ನೆಂಟರು ಕೇಳಿದರಂತೆ. ಜಗತ್ತಿನ ಮೊದಲ ವೆಬ್ ಪುಟ ಹೊರಗಿನವರಿಗೆ ಸಿಕ್ಕಿದ್ದು 1991ರಲ್ಲಿ. ಬರೀ ಅಕ್ಷರ, ಒಂದಿಷ್ಟು ಲಿಂಕು. ಅದರ ಪ್ರತಿಯನ್ನು ಇವತ್ತಿನ ಫೋನಿನಲ್ಲಿ ತೆರೆದರೂ ಚಕ್ ಅಂತ ಬರುತ್ತದೆ. ನಾನು ಎರಡು ವರ್ಷದ ಹಿಂದೆ ಮಾಡಿಟ್ಟ ಪ್ರಾಜೆಕ್ಟು ನನ್ನದೇ ಲ್ಯಾಪ್‌ಟಾಪಿನಲ್ಲಿ ಎದ್ದು ನಿಲ್ಲುವುದಿಲ್ಲ.

ದೊಡ್ಡ ಅನಾಹುತ ಆದದ್ದು ಅಕ್ಟೋಬರಿನಲ್ಲಿ. ಕಾವೇರಿ ಸಂಕ್ರಮಣಕ್ಕೆ ತಲಕಾವೇರಿಗೆ ಹೊರಟ ಮೈಸೂರಿನ ಒಂದು ಸಂಸಾರ 17ಕ್ಕೆ ರೂಮು ಬುಕ್ ಮಾಡಿತ್ತು. ಮಾವನಿಗೆ ಬಂದ ಮೆಸೇಜಿನಲ್ಲಿ 16. ಮಾವ 16ಕ್ಕೆ ಬಿಸಿನೀರು ಕಾಯಿಸಿ, ಅತ್ತೆ ನೂಲ್‌ಪುಟ್ಟು ಒತ್ತಿ, ಇಬ್ಬರೂ ರಾತ್ರಿ ಹತ್ತರವರೆಗೆ ಗೇಟಿನ ಕಡೆ ನೋಡಿದರು. ಮಾರನೇ ದಿನ ಬೇರೆಯವರಿಗೆ ರೂಮು ಕೊಟ್ಟ ಮೇಲೆ ಮೈಸೂರಿನ ಕಾರು ಬಂತು. ನಾಯಿ ಬೊಗಳಿತು. ಸೈಟಿನಲ್ಲಿ ಬರೆದದ್ದರಲ್ಲಿ ಅದೊಂದು ನಿಜವಾಯಿತು.

ತಪ್ಪು ನನ್ನದೇ. ಗಿರಾಕಿ 17 ಒತ್ತಿದಾಗ ಆ ಕ್ಯಾಲೆಂಡರ್ ಸಲಕರಣೆ 17ರ ನಡುರಾತ್ರಿ 12 ಅಂದುಕೊಂಡಿತು. ಉಳಿಸುವಾಗ ಗ್ರೀನ್‌ವಿಚ್ ಲೆಕ್ಕಕ್ಕೆ ಬದಲಿಸಿತು. ನಾವು ಐದೂವರೆ ಗಂಟೆ ಮುಂದಿದ್ದೇವೆ, ಹಾಗಾಗಿ ಅಲ್ಲಿನ ಲೆಕ್ಕದಲ್ಲಿ ಅದು 16ರ ಸಂಜೆ 6.30. ನಾನು ಗಂಟೆ ಕತ್ತರಿಸಿ ತಾರೀಕು ಮಾತ್ರ ಇಟ್ಟುಕೊಂಡೆ. ಇದರ ಮೇಲೆ ಇನ್ನೊಂದು ಶಾಸ್ತ್ರ ಇದೆ. ಜಾವಾಸ್ಕ್ರಿಪ್ಟಿನಲ್ಲಿ ದಿನಗಳನ್ನು ಒಂದರಿಂದ ಎಣಿಸುತ್ತಾರೆ, ತಿಂಗಳುಗಳನ್ನು ಸೊನ್ನೆಯಿಂದ. ಜನವರಿ ಸೊನ್ನೆ, ಅಕ್ಟೋಬರ್ ಒಂಬತ್ತು. ಇದೆಲ್ಲ ನಾನು ಮಾವನಿಗೆ ಬಿಡಿಸಿ ಹೇಳಿದೆ. ಹೇಳಬಾರದಿತ್ತು.

"ತೀರ್ಥ ಬರುವ ಗಂಟೆ ನಿಮಿಷ ಪಂಚಾಂಗ ನೋಡಿ ಮೊದಲೇ ಹೇಳ್ತಾರೆ. ನಿನ್ನ ಸಾವಿರ ನೆಂಟರು ಸೇರಿ ತಾರೀಕು ಹೇಳೋಕಾಗಲಿಲ್ವಾ?"

ಮಾರನೇ ವಾರ ಮಾವ ಕುಶಾಲನಗರದಿಂದ ಬೋರ್ಡ್ ಬರೆಯುವವರನ್ನು ಕರೆಸಿದರು. ರಸ್ತೆ ಬದಿಗೆ ನಾಲ್ಕಡಿ ಅಗಲದ ತಗಡು. ನಾನೂ ಹೋಗಿ ನಿಂತೆ, ಸ್ವಲ್ಪ ನಾಚಿಕೆ, ಸ್ವಲ್ಪ ಕುತೂಹಲ. ಆ ಅಣ್ಣ ಜೇಬಿನಿಂದ ಚಾಕ್‌ಪೀಸ್ ತೆಗೆದರು. ಎಡಗಡೆ ನಾಲ್ಕು ಬೆರಳು ಜಾಗ ಬಿಟ್ಟು ಗೆರೆ ಎಳೆದರು. ಚಾಕ್, ಲೆಫ್ಟ್-ಪ್ಯಾಡ್, ಎರಡೂ ಜೇಬಿನಲ್ಲೇ ಇತ್ತು. ಏನೂ ಡೌನ್‌ಲೋಡ್ ಆಗಲಿಲ್ಲ, ಯಾರೂ ಚಂದಾ ಕೇಳಲಿಲ್ಲ. ಮಾವ ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು.

ಹೋಂಸ್ಟೇ ಹೆಸರು ಬಂತು. ಮೂರು ರೂಮು ಅಂತ ಬಂತು. ನಾಯಿ ಬಂತು. ಫೋನ್ ನಂಬರಿನ ಒಂಬತ್ತು ಅಂಕಿ ದಪ್ಪಕ್ಕೆ, ಚಂದಕ್ಕೆ ಬಂದವು. ಹತ್ತನೆಯದಕ್ಕೆ ತಗಡು ಮುಗಿಯಿತು. ಅಣ್ಣ ಒಂದು ಕ್ಷಣ ಯೋಚಿಸಿ ಅದನ್ನು ಕೆಳಗಿನ ಸಾಲಿಗೆ, ನಾಯಿಯ ಪಕ್ಕದಲ್ಲಿ ಬರೆದರು.

ಈಗ ದಾರಿಯಲ್ಲಿ ಹೋಗುವವರು 'ಎಚ್ಚರಿಕೆ, 4 ನಾಯಿ ಇದೆ' ಅಂತ ಓದಿಕೊಳ್ಳುತ್ತಿದ್ದಾರೆ. ಮೊನ್ನೆ ಮಾವ ಬೇಲಿಯಾಚೆಯಿಂದ ಕೂಗಿದರು.

"ಮಾರಾಯ, ಇದಕ್ಕೆ ಏನಾದ್ರೂ ಪ್ಯಾಕೇಜು ಉಂಟಾ?"