ಪಿಯಾನೊ ಆ್ಯಪ್ ಇರಲಿ, ಮೊದಲು ಬಾಯಲ್ಲಿ ಹಾಡಿಸಿ

ಲಂಡನ್ನಿನ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಬರುತ್ತದೆ. ಮಗುವಿಗೆ ಪಿಯಾನೊ ಟೀಚರ್ ಬೇಕಾ, ಆ್ಯಪ್ ಸಾಕಾ? ಅರ್ಧ ಗಂಟೆಯ ಪಾಠಕ್ಕೆ 20 ಪೌಂಡ್, ಕೆಲವು ಕಡೆ ಅದಕ್ಕಿಂತ ಜಾಸ್ತಿ ಕೇಳುವ ಊರು ಇದು. ಹಾಗಾಗಿ ಪ್ರಶ್ನೆ ಸಣ್ಣದೇನಲ್ಲ. ನನ್ನ ಮಗಳು ಎರಡೂ ದಾರಿಯಲ್ಲಿ ಕಲಿಯುತ್ತಿದ್ದಾಳೆ. ನಾನು ಮೈಸೂರಿನಲ್ಲಿ ಸಂಗೀತದ ಮೇಷ್ಟ್ರ ಎದುರು ಕೂತು ಸರಳೆ ವರಸೆ, ಅಂದರೆ ಕರ್ನಾಟಕ ಸಂಗೀತದ ಮೊದಲ ಸ್ವರಪಾಠ, ಹಾಡಿ ಬೆಳೆದವನು. ಈ ಮೂರನ್ನೂ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಯಾರು ಕಲಿಸಿದರೂ ಸರಿ, ಸ್ವರ ಮೊದಲು ಬಾಯಿಗೆ ಬರಬೇಕು, ಆಮೇಲೆ ಬೆರಳಿಗೆ.

ಸಾಫ್ಟ್‌ವೇರ್ ಬಗ್ಗೆ ನನಗೆ ಗೌರವವಿದೆ. ಡಿಜಿಟಲ್ ಪಿಯಾನೊವನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿದರೆ ಅವೆರಡೂ ಮಿಡಿ ಎಂಬ ಭಾಷೆಯಲ್ಲಿ ಮಾತಾಡುತ್ತವೆ. 1983ರಲ್ಲಿ ಬಂದದ್ದು, ಇವತ್ತಿಗೂ ಅದೇ ನಡೆಯುತ್ತಿದೆ. ಆ ಕೇಬಲ್ಲಿನಲ್ಲಿ ಹೋಗುವುದು ನಾದ ಅಲ್ಲ, ಬರೀ ಅಂಕಿ. ಪಿಯಾನೊದ ನಡುವಿನ ಸಿ ಎಂಬ ಸ್ವರದ ಕೀ ಒತ್ತಿದರೆ 60. ಎಷ್ಟು ಜೋರಾಗಿ ಒತ್ತಿದ್ದು ಎಂಬುದಕ್ಕೆ 1ರಿಂದ 127ರವರೆಗೆ ಇನ್ನೊಂದು ಅಂಕಿ. ಆದ್ದರಿಂದ ತಪ್ಪು ಕೀ ಒತ್ತಿದರೆ ತಕ್ಷಣ ಗೊತ್ತಾಗುತ್ತದೆ. ಕಷ್ಟದ ನಾಲ್ಕು ಸಾಲನ್ನು ಅರ್ಧ ವೇಗದಲ್ಲಿ ಎಷ್ಟು ಸಲ ಬೇಕಾದರೂ ತಿರುಗಿಸಿ ನುಡಿಸಬಹುದು. ಬಲಗೈ ಬೇರೆ, ಎಡಗೈ ಬೇರೆ ಮಾಡಬಹುದು. ಹೆಡ್‌ಫೋನ್ ಹಾಕಿದರೆ ಪಕ್ಕದ ಫ್ಲಾಟಿನವರಿಗೆ ತೊಂದರೆಯೂ ಇಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಬಹಳಷ್ಟು ಆ್ಯಪ್‌ಗಳಲ್ಲಿ ಬಣ್ಣದ ಪಟ್ಟಿಗಳು ಮೇಲಿಂದ ಇಳಿಯುತ್ತವೆ, ಪಟ್ಟಿ ಕೀಲಿಗೆ ತಾಗಿದಾಗ ಒತ್ತಬೇಕು. ಸರಿಯಾದ ಕೀ ಸಿಗುವ ತನಕ ಹಾಡು ನಿಂತು ಕಾಯುವ ವ್ಯವಸ್ಥೆಯೂ ಇರುತ್ತದೆ. ಮಗುವಿಗೆ ಇದು ಖುಷಿ. ಆದರೆ ಹಾಡು ಕಾಯುತ್ತಾ ನಿಂತರೆ ತಾಳ ಎಲ್ಲಿ ಉಳಿಯಿತು? ನಮ್ಮ ಮೇಷ್ಟ್ರ ಮನೆಯಲ್ಲಿ ಸ್ವರ ತಪ್ಪಿದರೂ ತೊಡೆಯ ಮೇಲೆ ತಾಳ ಹಾಕುವ ಕೈ ನಿಲ್ಲುವಂತಿರಲಿಲ್ಲ. ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ ಅಂತ ವೇಗ ಏರುತ್ತಾ ಹೋಗುತ್ತಿತ್ತು. ತಪ್ಪಿದವರು ತಾಳದ ಮುಂದಿನ ಸುತ್ತಿಗೆ ಬಂದು ಸೇರಿಕೊಳ್ಳಬೇಕು. ಕಾಯುವ ಆ್ಯಪಿನಲ್ಲಿ ಮಾತ್ರ ಕಲಿತ ಮಗು ಸ್ಕೂಲಿನಲ್ಲಿ ನಾಲ್ಕು ಜನರ ಜೊತೆ ನುಡಿಸಲು ಕೂತರೆ ಒದ್ದಾಡುತ್ತದೆ. ಅಲ್ಲಿ ಯಾರೂ ಅದಕ್ಕಾಗಿ ಕಾಯುವುದಿಲ್ಲ ಅಲ್ವಾ?

ಇನ್ನೊಂದು ವಿಷಯ ಬೆರಳಿನದು. ಬಲಗೈಯಲ್ಲಿ ಸಿ ಮೇಜರ್ ಸ್ಕೇಲ್, ಅಂದರೆ ಸಿ ಇಂದ ಸಾಲಾಗಿ ಬಿಳಿ ಕೀಗಳನ್ನು, ನುಡಿಸುವಾಗ ಮೂರು ಸ್ವರ ಆದ ಮೇಲೆ ಹೆಬ್ಬೆರಳು ಕೆಳಗಿನಿಂದ ತೂರಿ ಎಫ್ ಹಿಡಿಯಬೇಕು. ತೋರುಬೆರಳಿನಲ್ಲಿ ಒತ್ತಿದರೂ ಕೇಬಲ್ಲಿನಲ್ಲಿ ಹೋಗುವ ಅಂಕಿ ಒಂದೇ. ಸಾಫ್ಟ್‌ವೇರ್ ಸರಿ ಅನ್ನುತ್ತದೆ. ವೇಗ ಹೆಚ್ಚಾದಾಗ ಕೈ ಸಿಕ್ಕಿಹಾಕಿಕೊಳ್ಳುತ್ತದೆ, ಅಷ್ಟು ಹೊತ್ತಿಗೆ ಅಭ್ಯಾಸ ಗಟ್ಟಿಯಾಗಿರುತ್ತದೆ. ಎದುರಿಗೆ ಕೂತ ಟೀಚರ್ ಮೊದಲ ದಿನವೇ ಇದನ್ನು ಹಿಡಿಯುತ್ತಾರೆ. ಮಣಿಕಟ್ಟು ಬಿಗಿಯಾಗಿದೆ, ಭುಜ ಮೇಲೆದ್ದಿದೆ ಅನ್ನುವುದೂ ಅವರ ಕಣ್ಣಿಗೆ ಬೀಳುತ್ತದೆ.

ಬಾಯಲ್ಲಿ ಹಾಡಿಸುವುದು ನಮ್ಮ ಕಡೆಯ ಪದ್ಧತಿ, ಪಿಯಾನೊಗೆ ಅದೆಲ್ಲ ಬೇಡ ಎಂದು ಕೆಲವರು ನನಗೆ ಹೇಳಿದ್ದಾರೆ. ನಾನು ಒಪ್ಪುವುದಿಲ್ಲ. 1889ರಲ್ಲಿ ಶುರುವಾದ ಇಲ್ಲಿನ ಎಬಿಆರ್‌ಎಸ್‌ಎಂ ಎಂಬ ಸಂಗೀತ ಪರೀಕ್ಷಾ ಮಂಡಳಿ ಎಂಟು ಗ್ರೇಡ್ ಪರೀಕ್ಷೆ ನಡೆಸುತ್ತದೆ. ಅದರ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪಿಯಾನೊ ಕಲಿಯುವ ಮಗುವನ್ನೂ ಬಹುಕಾಲದಿಂದ ಹಾಡಿಸುತ್ತಾ ಬಂದಿದ್ದಾರೆ. ಪರೀಕ್ಷಕರು ಒಂದು ಪುಟ್ಟ ಸಾಲು ನುಡಿಸುತ್ತಾರೆ, ಮಗು ಅದನ್ನೇ ತಿರುಗಿ ಹಾಡಬೇಕು. ನಮ್ಮ ಮೇಷ್ಟ್ರೂ ಮಾಡಿಸುತ್ತಿದ್ದುದು ಅದನ್ನೇ.

ಕರ್ನಾಟಕ ಸಂಗೀತ, ಪಾಶ್ಚಾತ್ಯ ಸಂಗೀತ ಎರಡನ್ನೂ ಒಟ್ಟಿಗೆ ಹಿಡಿದವರು ನಮ್ಮಲ್ಲೇ ಇದ್ದರು. ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ ಪಿಯಾನೊ ಕಲಿತವರು. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋಶಿಪ್ ಕೊಟ್ಟಿತು. ಲಂಡನ್ನಿನಲ್ಲಿದ್ದ ರಷ್ಯನ್ ಸಂಗೀತಗಾರ ಮೆಟ್ನರ್ ಅವರ ರಚನೆಗಳು ರೆಕಾರ್ಡ್ ಆದದ್ದು ಇವರ ಹಣದಿಂದ. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಇವರಿಗೇ ಅರ್ಪಿಸಿದರು. ಇದೇ ಒಡೆಯರ್ ಕರ್ನಾಟಕ ಸಂಗೀತದ 94 ಕೃತಿಗಳನ್ನೂ ರಚಿಸಿದರು. ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಇದನ್ನು ಹೇಳಬೇಕು.

ಮನೆಯಲ್ಲಿ ನಾವು ಮಾಡುವುದು ಸರಳ. ಮಾಯಾಮಾಳವಗೌಳ ರಾಗದ ಸರಳೆ ವರಸೆಯನ್ನು ಮಗಳು ಮೊದಲು ತಾಳ ಹಾಕಿ ಹಾಡುತ್ತಾಳೆ, ಆಮೇಲೆ ಅದನ್ನೇ ಪಿಯಾನೊದಲ್ಲಿ ಹುಡುಕುತ್ತಾಳೆ: ಸಿ, ಡಿ ಫ್ಲಾಟ್, ಇ, ಎಫ್, ಜಿ, ಎ ಫ್ಲಾಟ್, ಬಿ. ಗಮಕ, ಅಂದರೆ ಸ್ವರವನ್ನು ಓಲಾಡಿಸುವುದು, ಪಿಯಾನೊದಲ್ಲಿ ಬರುವುದಿಲ್ಲ, ಒಂದು ಕೀಲಿಗೂ ಪಕ್ಕದ ಕೀಲಿಗೂ ನಡುವೆ ಸ್ವರ ಜಾರುವುದಿಲ್ಲ. ಹಾಡಿ ಗೊತ್ತಿರುವುದರಿಂದ ಅವಳಿಗೆ ಆ ವ್ಯತ್ಯಾಸ ತಾನಾಗಿಯೇ ತಿಳಿಯಿತು. ಪಾಶ್ಚಾತ್ಯ ಪಾಠಕ್ಕೂ ಇದೇ ಕ್ರಮ. ಬಲಗೈಯ ರಾಗವನ್ನು ಗುನುಗಲು ಬಂದ ಮೇಲೆಯೇ ಆ್ಯಪ್ ತೆರೆಯುವುದು, ಅದೂ ಕಾಯುವ ವ್ಯವಸ್ಥೆ ಆಫ್ ಮಾಡಿ, ವೇಗ ತಗ್ಗಿಸಿ.

ಪ್ರತಿ ವಾರ ಟೀಚರಿಗೆ ಕೊಡಲು ಆಗದ ಮನೆಗಳೂ ಬೇಕಾದಷ್ಟಿವೆ. ಅಂಥವರು ದಿನದ ಸಾಧನೆಯನ್ನು ಆ್ಯಪಿಗೆ ಬಿಡಿ, ತಿಂಗಳಿಗೆ ಎರಡು ಸಲವಾದರೂ ಮಗುವಿನ ಕೈಯನ್ನು ಒಬ್ಬ ಟೀಚರಿಗೆ ತೋರಿಸಿ. ಹೀಗೆ ಕಲಿಸಲು ಒಪ್ಪುವವರು ಸಿಗುತ್ತಾರೆ, ಸಂಕೋಚ ಬಿಟ್ಟು ಕೇಳಬೇಕು.