ಬಲವೋ ಭಯವೋ: ತಳ್ಳಿ ಓಡಿದ ಬಾಲಕ ಸುಲಿಗೆಕೋರನೇ?

ಅಂಗಡಿಯಲ್ಲಿ ಜಾಕೆಟ್ ಕದ್ದು ಹೊರಬಿದ್ದ ಹದಿನಾರರ ಹುಡುಗನನ್ನು ಕಾವಲುಗಾರ ಬಾಗಿಲಾಚೆ ಹಿಡಿಯುತ್ತಾನೆ. ಹುಡುಗ ಅವನನ್ನು ತಳ್ಳಿ ಓಡುತ್ತಾನೆ. ಕ್ಯಾಲಿಫೋರ್ನಿಯಾದ ದಂಡ ಸಂಹಿತೆಯ 211ನೇ ಕಲಮಿನಂತೆ, ಬಲ ಅಥವಾ ಭಯ ಬಳಸಿ ಕಸಿದರೆ ಅದು ಸುಲಿಗೆ. ಎರಡೂ ಇಲ್ಲದಿದ್ದರೆ ಬರಿಯ ಕಳವು. ಆ ಒಂದು ತಳ್ಳಾಟ ಸಾಕೇ?

ಪರ

ಸಾಕು. ಪೆಟ್ಟು ತಿಂದವನಿಗೆ ಎದುರಾಳಿಯ ವಯಸ್ಸು ಸಮಾಧಾನ ತರುವುದಿಲ್ಲ. 1983ರ ಎಸ್ಟೆಸ್ ಪ್ರಕರಣದಲ್ಲಿ, ಕದ್ದ ಕೋಟು ತೊಟ್ಟು ಹೊರಬಂದವನು ತಡೆದ ಕಾವಲುಗಾರನಿಗೆ ಚಾಕು ತೋರಿಸಿದ್ದ. ಮಾಲು ಉಳಿಸಿಕೊಳ್ಳಲು ಬಳಸಿದ ಬಲವೂ ಸುಲಿಗೆಯ ಬಲವೇ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಕಳವು ಕಪಾಟಿನ ಬಳಿಯೇ ಮುಗಿಯುವುದಿಲ್ಲ, ಕಳ್ಳ ಸುರಕ್ಷಿತ ಜಾಗ ಸೇರುವವರೆಗೂ ನಡೆಯುತ್ತಲೇ ಇರುತ್ತದೆ. ಇದು ಸರಿಯಾದ ಮಾತು. ತಡೆಯಲು ಬಂದವನ ಮೈಮೇಲೆ ಬೀಳುವುದು ಬೇರೆಯೇ ಜಾತಿಯ ಅಪರಾಧ.

ಬಾಲಕನೆಂದು ಸಾಕ್ಷ್ಯದ ಮಟ್ಟವನ್ನು ಇಳಿಸುವಂತೆಯೂ ಇಲ್ಲ. ಲಾಕರಿನಲ್ಲಿದ್ದ ಪರ್ಸಿನಿಂದ 112 ಡಾಲರ್ ಕದ್ದ ಆರೋಪ ಹೊತ್ತಿದ್ದ ಹನ್ನೆರಡರ ಹುಡುಗನೊಬ್ಬನ ಪ್ರಕರಣದಲ್ಲಿ, ಮಕ್ಕಳ ವಿಷಯದಲ್ಲೂ ಸಮಂಜಸ ಸಂದೇಹಕ್ಕೆ ಎಡೆಯಿಲ್ಲದ ಪುರಾವೆ ಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 1970ರಲ್ಲೇ ವಿಧಿಸಿದೆ. ಅಷ್ಟು ರಕ್ಷಣೆ ಇರುವಾಗ ಬಲದ ವ್ಯಾಖ್ಯೆಯನ್ನೂ ಸಡಿಲಿಸಬೇಕೇಕೆ?

ವಿರೋಧ

ಚಾಕುವಿನ ಪ್ರಕರಣ ತೋರಿಸಿ ಕೊಸರಾಟಕ್ಕೆ ಶಿಕ್ಷೆ ಕೇಳುವುದೇ ಮೊದಲ ಮೋಸ. ನ್ಯಾಯಾಲಯದಲ್ಲಿ ನಿಜಕ್ಕೂ ಏಳುವ ಪ್ರಶ್ನೆಗಳನ್ನು ನೋಡಿ. ಮೊದಲು ಕೈಹಾಕಿದವರು ಯಾರು? ಹುಡುಗ ಅಂಗೈಯಿಂದ ಎದೆಗೆ ತಳ್ಳಿದನೇ, ಅಥವಾ ಹಿಡಿದಿದ್ದ ತೋಳನ್ನು ಜಾಡಿಸಿಕೊಂಡನೇ? ಧ್ವನಿಯಿಲ್ಲದ, ಮೇಲಿನಿಂದ ತೆಗೆದ ಕ್ಯಾಮೆರಾ ದೃಶ್ಯದಲ್ಲಿ ಇವೆರಡೂ ಒಂದೇ ರೀತಿ ಕಾಣಬಹುದು. ವಸ್ತುವನ್ನು ಕಸಿಯಲು ಬೇಕಾದಷ್ಟಕ್ಕಿಂತ ಹೆಚ್ಚಿನ ಬಲ ಇರಬೇಕು ಎಂಬುದು ಅಲ್ಲಿನ ನಿಯಮವೇ. ಆದರೆ ಆ ಗೆರೆ ಕೂದಲೆಳೆಯಷ್ಟು ತೆಳು.

ಭಯದ ಕಥೆ ಇನ್ನೂ ಗೋಜಲು. ಸಂತ್ರಸ್ತ ನಿಜವಾಗಿ ಹೆದರಿರಬೇಕು, ಆದರೆ ಹೆದರಿದೆ ಎಂದು ಬಾಯಿಬಿಟ್ಟು ಹೇಳಲೇಬೇಕೆಂದಿಲ್ಲ, ಸಂದರ್ಭದಿಂದ ಊಹಿಸಬಹುದು. ಹೆದರಿಸುವ ಉದ್ದೇಶ ಆರೋಪಿಗೆ ಇರಬೇಕಿಲ್ಲ ಎಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಹೇಳಿದೆ. ಹಾಗಾದರೆ ಎತ್ತರದ, ದಪ್ಪ ದನಿಯ, ಗೆಳೆಯರ ಗುಂಪಿನಲ್ಲಿ ನಿಂತ ಹುಡುಗನನ್ನು ಕಂಡು ಯಾರೋ ಹಿಂದೆ ಸರಿದರೂ ಆರೋಪಕ್ಕೆ ದಾರಿಯಾಗುತ್ತದೆ. ನನ್ನನ್ನು ಹೆಚ್ಚು ಕಾಡುವುದು ಇದೇ.

ಸಾಕ್ಷ್ಯದ ಮಟ್ಟ ಇಳಿದಿಲ್ಲ, ಒಪ್ಪೋಣ. ಆದರೆ ಅಳೆಯುವವರು ಒಬ್ಬರೇ ನ್ಯಾಯಾಧೀಶರು: ಬಾಲ ನ್ಯಾಯಾಲಯದಲ್ಲಿ ಸಾಮಾನ್ಯ ನಾಗರಿಕರ ತೀರ್ಪುಗಾರರ ಮಂಡಳಿ (ಜ್ಯೂರಿ) ಸಂವಿಧಾನದತ್ತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1971ರಲ್ಲಿ ತೀರ್ಮಾನಿಸಿತು. ಹದಿನಾರು ತುಂಬಿದವನ ಮೇಲೆ ಸುಲಿಗೆ ಸಾಬೀತಾದರೆ, ಮುಂದೆ ಅವನು ವಯಸ್ಕನಾಗಿ ಸಿಕ್ಕಿಬಿದ್ದಾಗ ಹಿಂದಿನ ಗಂಭೀರ ಅಪರಾಧಗಳನ್ನು ಎಣಿಸಿ ಶಿಕ್ಷೆ ಹೆಚ್ಚಿಸುವ ‘ಮೂರು ಪ್ರಹಾರ’ ಕಾನೂನಿನಡಿ ಅದನ್ನೊಂದು ಪ್ರಹಾರವಾಗಿ ಎಣಿಸಬಹುದು. ಮಂಡಳಿ ಇರಲಿಲ್ಲವೆಂಬುದು ಅದಕ್ಕೆ ಅಡ್ಡಿಯಲ್ಲವೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಸ್ಪಷ್ಟಪಡಿಸಿತು.

ಕಾವಲುಗಾರನಿಗೆ ನೋವಾಗಿದ್ದರೆ ಹಲ್ಲೆಯ ಆರೋಪ ಹೊರಿಸಿ, ಜಾಕೆಟ್ಟಿಗೆ ಕಳವಿನ ಆರೋಪ ಹೊರಿಸಿ. ಎರಡಕ್ಕೂ ಕಲಮುಗಳಿವೆ.